ಹೈಬ್ರಿಡ್ ಕಾರುಗಳು: ಹೆಸರು ಒಂದು, ಬಗೆ ನಾಲ್ಕು



ನಮ್ಮ ಆಂಟಾಪ್ ಹಿಲ್ಲಿನವರಿಗೆ ಮೋಟಾರು ಗಾಡಿಯ ಮಾತು ಹೊಸದಲ್ಲ. ವಡಾಲಾ ಟ್ರಕ್ ಟರ್ಮಿನಲ್ ನಮ್ಮ ಮಗ್ಗುಲಲ್ಲೇ ಇದೆ. ಎಂ.ಎಚ್. 03 ಸಂಖ್ಯೆ ಕೊಡುವ ಆರ್.ಟಿ.ಓ. ಕಚೇರಿಯೂ ಅಲ್ಲಿಯೇ ಇದೆ. ನಮ್ಮ ಉಚಿತ ವಾಚನಾಲಯಕ್ಕೆ ಸಂಜೆ ಪತ್ರಿಕೆ ಓದಲು ಬರುವವರಲ್ಲಿ ಟ್ಯಾಕ್ಸಿ ನಡೆಸುವವರು, ಸಾಹುಕಾರರ ಕಾರಿಗೆ ಡ್ರೈವರಾಗಿರುವವರು, ಗ್ಯಾರೇಜಿನಲ್ಲಿ ದುಡಿಯುವವರು, ಕಚೇರಿಗಳ ಗುಮಾಸ್ತರು ಎಲ್ಲರೂ ಇದ್ದಾರೆ. ಇವರಲ್ಲಿ ಹಲವರು ಈಚೆಗೆ ಒಂದೇ ಪ್ರಶ್ನೆ ಕೇಳುತ್ತಾರೆ: ಹೈಬ್ರಿಡ್ ಕಾರು ಎಂದರೇನು? ಕೊಂಡರೆ ಲಾಭವುಂಟೇ?

ಪ್ರಶ್ನೆ ಸಣ್ಣದಲ್ಲ. ನಮ್ಮ ಪರಿಚಯದ ಒಬ್ಬರು, ವಿಜಾಪುರದ ಕಡೆಯವರು, ಹನ್ನೆರಡು ವರ್ಷ ಇತರರ ಗಾಡಿ ನಡೆಸಿ, ಕೂಡಿಟ್ಟ ಹಣಕ್ಕೆ ಸಾಲ ಸೇರಿಸಿ, ಹಳೆಯ ಕಾರೊಂದನ್ನು ಕೊಂಡರು. ಗಾಡಿಯ ಹಿಂಬದಿಯಲ್ಲಿ ಹೈಬ್ರಿಡ್ ಎಂದು ಬರೆದಿತ್ತು. ದಟ್ಟಣೆಯಲ್ಲಿ ಪೆಟ್ರೋಲು ಸುಡದೆ ವಿದ್ಯುತ್ತಿನಲ್ಲೇ ಓಡುತ್ತದೆ ಎಂದು ಮಾರಿದವರು ಹೇಳಿದ್ದರು. ಆ ಗಾಡಿ ವಿದ್ಯುತ್ತಿನಲ್ಲಿ ಒಂದು ಗಜ ದೂರವೂ ಓಡುವುದಿಲ್ಲ, ಓಡಲಾರದು. ಅದನ್ನು ಮಾಡಿದ್ದೇ ಹಾಗೆ. ಹಿಂಬದಿಯ ಬರಹ ಸುಳ್ಳಲ್ಲ, ಮಾರಿದವರು ಕೊಟ್ಟ ಅರ್ಥ ಸುಳ್ಳು. ಕಂತು ಮಾತ್ರ ಇಂದಿಗೂ ತಿಂಗಳು ತಿಂಗಳು ಕಟ್ಟಬೇಕಾಗಿದೆ.

ಇಂಥ ನಷ್ಟ ಇನ್ನೊಬ್ಬರಿಗೆ ಆಗಬಾರದೆಂದು ಈ ಲೇಖನ. ನಾವು ಎಂಜಿನಿಯರರಲ್ಲ, ಗಿರಣಿಯ ಕಚೇರಿಯಲ್ಲಿ ಜಮಾ-ಖರ್ಚು ಬರೆಯುವವರು. ಆದರೆ ಹೈಬ್ರಿಡ್ ಕಾರಿನ ವಿಷಯ ಕೊನೆಗೆ ಜಮಾ-ಖರ್ಚಿನ ವಿಷಯವೇ ಆಗಿದೆ.

ಪದದ ಅರ್ಥ

ಹೈಬ್ರಿಡ್ ಎಂಬ ಪದ ನಮ್ಮ ಊರುಗಳಿಗೆ ಕಾರಿನೊಡನೆ ಬಂದದ್ದಲ್ಲ, ಬೀಜದ ಚೀಲದೊಡನೆ ಬಂದದ್ದು. 1964ರಲ್ಲಿ ಸಿ.ಎಸ್.ಎಚ್. 1 ಎಂಬ ಹೈಬ್ರಿಡ್ ಜೋಳ ರೈತರ ಕೈಗೆ ಬಂದಿತು. ಗಿರಣಿಯವರಿಗೆ ಇನ್ನೊಂದು ಹೆಸರು ಹೆಚ್ಚು ಪರಿಚಿತ: ವರಲಕ್ಷ್ಮಿ ಹತ್ತಿ. 1972ರಲ್ಲಿ ಧಾರವಾಡದ ಕೃಷಿ ಸಂಶೋಧಕರು ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಅದನ್ನು ಪಡೆದರು. ಒಂದರ ಇಳುವರಿಯೂ ಇನ್ನೊಂದರ ಉದ್ದನೆಯ ಎಳೆಯೂ ಒಂದೇ ಗಿಡದಲ್ಲಿ ಬರಲೆಂಬುದೇ ಅದರ ಉದ್ದೇಶ.

ಕಾರಿನಲ್ಲಿಯೂ ಹಾಗೆಯೇ. ಒಂದೇ ಗಾಡಿಯಲ್ಲಿ ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ಒಂದು, ವಿದ್ಯುತ್ ಮೋಟಾರು ಒಂದು, ಹೀಗೆ ಎರಡು ಯಂತ್ರಗಳಿದ್ದು, ಎರಡೂ ಗಾಡಿ ಓಡಿಸುವ ಕೆಲಸದಲ್ಲಿ ಪಾಲುಗೊಂಡರೆ ಅದು ಹೈಬ್ರಿಡ್.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಮೊದಲೇ ಕಳೆಯಬೇಕು. ಮುಂಬಯಿಯ ಟ್ಯಾಕ್ಸಿಗಳು ಬಹುಮಟ್ಟಿಗೆ ಸಿ.ಎನ್.ಜಿ. ಅನಿಲದಲ್ಲಿ ಓಡುತ್ತವೆ. ಅನಿಲ ತೀರಿದರೆ ಪೆಟ್ರೋಲಿಗೆ ತಿರುಗಿಸುತ್ತಾರೆ. ಎರಡು ಇಂಧನ ಇರುವುದರಿಂದ ಇದೂ ಹೈಬ್ರಿಡ್ ಎಂದು ಕೆಲವರು ಭಾವಿಸಿದ್ದಾರೆ. ಹಾಗಲ್ಲ. ಅಲ್ಲಿ ಇಂಧನ ಎರಡು, ಎಂಜಿನ್ ಒಂದೇ. ಒಂದೇ ಒಲೆಯಲ್ಲಿ ಒಂದು ದಿನ ಕಟ್ಟಿಗೆ, ಒಂದು ದಿನ ಇದ್ದಿಲು ಉರಿಸಿದಂತೆ. ಬರೇ ಬ್ಯಾಟರಿಯಿಂದ ಓಡುವ ವಿದ್ಯುತ್ ಕಾರೂ ಹೈಬ್ರಿಡ್ ಅಲ್ಲ. ಅದರಲ್ಲಿ ಎಂಜಿನ್ನೇ ಇಲ್ಲ.

ಎರಡು ಯಂತ್ರ ಏಕೆ?

ಪೆಟ್ರೋಲ್ ಎಂಜಿನ್ನಿಗೆ ಒಂದು ಸ್ವಭಾವವಿದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವಾಗ ಅದು ತಿಂದದ್ದಕ್ಕೆ ತಕ್ಕ ಕೆಲಸ ಕೊಡುತ್ತದೆ. ನಿಂತ ಗಾಡಿಯನ್ನು ಎಬ್ಬಿಸುವಾಗ, ಆಮೆಯಂತೆ ತೆವಳುವಾಗ ತಿನ್ನುವುದು ಹೆಚ್ಚು, ಕೊಡುವುದು ಕಡಿಮೆ. ಸಾಯನ್ ಸಿಗ್ನಲ್ಲಿನಲ್ಲಿ ನಿಂತಾಗಲಂತೂ ಅದು ಕೊಡುವುದು ಏನೂ ಇಲ್ಲ, ತಿನ್ನುವುದು ನಿಲ್ಲುವುದಿಲ್ಲ. ಎಲ್ಲ ಅನುಕೂಲವಿದ್ದಾಗಲೂ ಪೆಟ್ರೋಲಿನ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ರೇಡಿಯೇಟರಿನಿಂದಲೂ ಹೊಗೆಯ ಕೊಳವೆಯಿಂದಲೂ ಹೊರಗೆ ಹೋಗುತ್ತದೆ.

ವಿದ್ಯುತ್ ಮೋಟಾರಿನ ಸ್ವಭಾವ ಇದಕ್ಕೆ ವಿರುದ್ಧ. ನಿಂತಲ್ಲಿಂದಲೇ ಅದು ಪೂರ್ಣ ಬಲದಿಂದ ಎಳೆಯುತ್ತದೆ. ಜನ ಕಿಕ್ಕಿರಿದ ಹನ್ನೆರಡು ಡಬ್ಬಿಗಳ ಲೋಕಲ್ ಗಾಡಿ ಸಲೀಸಾಗಿ ಹೊರಡುವುದನ್ನು ನಾವು ದಿನವೂ ನೋಡುತ್ತೇವೆ. ನಿಂತಾಗ ಮೋಟಾರು ಏನೂ ತಿನ್ನುವುದಿಲ್ಲ.

ಮೋಟಾರಿಗೆ ಇನ್ನೂ ಒಂದು ಗುಣವಿದೆ. ವಿದ್ಯುತ್ತು ಕೊಟ್ಟರೆ ಅದು ಚಕ್ರವನ್ನು ತಿರುಗಿಸುತ್ತದೆ. ಚಕ್ರವೇ ಅದನ್ನು ತಿರುಗಿಸಿದರೆ ಡೈನಮೋ ಆಗಿ ವಿದ್ಯುತ್ತು ಕೊಡುತ್ತದೆ. ಸಾಮಾನ್ಯ ಕಾರಿನಲ್ಲಿ ಬ್ರೇಕು ಹಾಕಿದಾಗ, ಪೆಟ್ರೋಲು ಸುಟ್ಟು ಗಳಿಸಿದ ಓಟವೆಲ್ಲ ಬ್ರೇಕಿನ ಬಿಸಿಯಾಗಿ ಹಾಳಾಗುತ್ತದೆ. ಹೈಬ್ರಿಡ್ ಕಾರಿನಲ್ಲಿ ವೇಗ ತಗ್ಗಿಸುವಾಗ ಚಕ್ರಗಳು ಮೋಟಾರನ್ನು ತಿರುಗಿಸುತ್ತವೆ, ಹುಟ್ಟಿದ ವಿದ್ಯುತ್ತು ಬ್ಯಾಟರಿಗೆ ಹೋಗುತ್ತದೆ. ಖರ್ಚಿಗೆ ಬರೆಯಬೇಕಾಗಿದ್ದುದರಲ್ಲಿ ಒಂದು ಪಾಲು ಮತ್ತೆ ಜಮೆಗೆ ಬರುತ್ತದೆ. ಇದು ನಮಗೆ ಹೊಸ ಸಂಗತಿಯೇನಲ್ಲ. ಜಿ.ಟಿ.ಬಿ. ನಗರ ನಿಲ್ದಾಣದಲ್ಲಿ ನಿಲ್ಲುವ ಹಾರ್ಬರ್ ಲೈನಿನ ಗಾಡಿಯೂ ವೇಗ ತಗ್ಗಿಸುವಾಗ ವಿದ್ಯುತ್ತನ್ನು ಮೇಲಿನ ತಂತಿಗೆ ಮರಳಿ ಕೊಡುತ್ತದೆ. ಕಾರಿಗೆ ಮೇಲೆ ತಂತಿಯಿಲ್ಲ, ಆದುದರಿಂದ ಬ್ಯಾಟರಿ ಬೇಕು, ವ್ಯತ್ಯಾಸ ಇಷ್ಟೇ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಹೈಬ್ರಿಡ್ಡಿನ ಉಳಿತಾಯ ಹುಟ್ಟುವುದು ನಿಂತು ಹೊರಡುವ ಊರ ರಸ್ತೆಯಲ್ಲಿ. ಒಂದೇ ಸಮನೆ ಓಡುವ ಹೆದ್ದಾರಿಯಲ್ಲಿ ಅದರ ಲಾಭ ಬಹಳ ತಗ್ಗುತ್ತದೆ.

ಒಂದನೆಯ ಬಗೆ: ಮೈಲ್ಡ್ ಹೈಬ್ರಿಡ್

ಇದನ್ನು ಸೌಮ್ಯ ಹೈಬ್ರಿಡ್ ಎನ್ನಬಹುದು. ಇಲ್ಲಿ ಎಂಜಿನ್ನೇ ಯಜಮಾನ. ಹಳೆಯ ಸ್ಟಾರ್ಟರು ಮತ್ತು ಡೈನಮೋ ಇವೆರಡರ ಕೆಲಸವನ್ನೂ ಮಾಡುವ ಒಂದು ಸಣ್ಣ ಮೋಟಾರನ್ನು ಸಾಮಾನ್ಯವಾಗಿ ಬೆಲ್ಟಿನ ಮೂಲಕ ಎಂಜಿನ್ನಿಗೆ ಜೋಡಿಸಿರುತ್ತಾರೆ. ಸಿಗ್ನಲ್ಲಿನಲ್ಲಿ ಎಂಜಿನ್ ತಾನಾಗಿ ನಿಲ್ಲುತ್ತದೆ, ಹೊರಡುವಾಗ ಸದ್ದಿಲ್ಲದೆ ಶುರುವಾಗುತ್ತದೆ. ವೇಗ ಹೆಚ್ಚಿಸುವಾಗ ಸಣ್ಣ ಮೋಟಾರು ಕೆಲವು ಕ್ಷಣ ಕೈಗೂಡಿಸುತ್ತದೆ. ಬ್ರೇಕು ಹಾಕಿದಾಗ ಸ್ವಲ್ಪ ವಿದ್ಯುತ್ತು ಕೂಡಿಡುತ್ತದೆ. ಆದರೆ ಮೋಟಾರೊಂದೇ ಗಾಡಿಯನ್ನು ಎಳೆಯಲಾರದು. ಇಳಿಜಾರಿನಲ್ಲಿ ಒಬ್ಬ ಹುಡುಗ ಕೈಗಾಡಿಯ ಹಿಂದೆ ಕೈಯಿಟ್ಟಂತೆ ಅದರ ಸಹಾಯ.

ಮಾರುತಿ ಕಂಪೆನಿ 2015ರಲ್ಲಿ ಸಿಯಾಜ್ ಡೀಸೆಲ್ ಕಾರಿನಲ್ಲಿ ಎಸ್.ಎಚ್.ವಿ.ಎಸ್. ಎಂಬ ಹೆಸರಿನಿಂದ ತಂದದ್ದು ಈ ಬಗೆಯದು. ಕೇಂದ್ರ ಸರಕಾರದ ಫೇಮ್ ಎಂಬ ಸಹಾಯಧನದ ಯೋಜನೆ 1 ಏಪ್ರಿಲ್ 2015ರಂದು ಆರಂಭವಾದಾಗ ಇಂಥ ಗಾಡಿಗಳಿಗೂ ಸಹಾಯ ಸಿಗುತ್ತಿತ್ತು. 1 ಏಪ್ರಿಲ್ 2017ರಿಂದ ಸರಕಾರ ಸೌಮ್ಯ ಹೈಬ್ರಿಡ್ಡನ್ನು ಆ ಯೋಜನೆಯಿಂದ ತೆಗೆದುಹಾಕಿತು. ಹೈಬ್ರಿಡ್ಡುಗಳೆಲ್ಲ ಒಂದೇ ಅಲ್ಲವೆಂದು ಸರಕಾರವೇ ಗೆರೆ ಎಳೆದಿದೆ ಎಂಬುದನ್ನು ಗಮನಿಸಬೇಕು. ಈ ಬಗೆ ಕೆಟ್ಟದೆಂದು ನಾವು ಹೇಳುವುದಿಲ್ಲ. ಬೆಲೆ ಹೆಚ್ಚು ಏರುವುದಿಲ್ಲ, ಅಷ್ಟಿಷ್ಟು ಪೆಟ್ರೋಲು ಉಳಿಯುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಬಯಸಬಾರದು, ಅಷ್ಟೆ.

ಎರಡನೆಯ ಬಗೆ: ಸ್ಟ್ರಾಂಗ್ ಹೈಬ್ರಿಡ್

ಇದನ್ನು ಪೂರ್ಣ ಹೈಬ್ರಿಡ್ ಎಂದೂ ಕರೆಯುತ್ತಾರೆ. ಇಲ್ಲಿ ಮೋಟಾರು ದೊಡ್ಡದು, ಬ್ಯಾಟರಿಯ ವೋಲ್ಟೇಜು ನೂರಕ್ಕೂ ಮೇಲೆ. ಗಾಡಿ ಎಂಜಿನ್ ಇಲ್ಲದೆಯೇ, ಬರೇ ವಿದ್ಯುತ್ತಿನಲ್ಲಿ ಹೊರಡುತ್ತದೆ, ದಟ್ಟಣೆಯಲ್ಲಿ ತೆವಳುತ್ತದೆ. ಬ್ಯಾಟರಿ ತಗ್ಗಿದಾಗ ಅಥವಾ ಹೆಚ್ಚು ಬಲ ಬೇಕಾದಾಗ ಎಂಜಿನ್ ತಾನಾಗಿ ಎದ್ದು, ಚಕ್ರಕ್ಕೂ ಬಲ ಕೊಟ್ಟು, ಬ್ಯಾಟರಿಗೂ ತುಂಬುತ್ತದೆ. ಹೊರಗಿನಿಂದ ವಿದ್ಯುತ್ತು ತುಂಬುವ ಅಗತ್ಯವಿಲ್ಲ, ಅದಕ್ಕೆ ಅನುಕೂಲವೂ ಇಲ್ಲ. ಪೆಟ್ರೋಲು ಹಾಕಿದರೆ ಸಾಕು.

ಜಪಾನಿನ ಟೊಯೋಟಾ ಕಂಪೆನಿ ಡಿಸೆಂಬರ್ 1997ರಲ್ಲಿ ಮಾರಾಟಕ್ಕೆ ತಂದ ಪ್ರಿಯಸ್ ಕಾರು ಈ ಬಗೆಯನ್ನು ಲೋಕಕ್ಕೆಲ್ಲ ಪರಿಚಯಿಸಿತು. ಅದರ ಗುಟ್ಟು ಹಲ್ಲುಚಕ್ರಗಳ ಒಂದು ಜೋಡಣೆಯಲ್ಲಿದೆ. ಸೂರ್ಯನ ಸುತ್ತ ಗ್ರಹಗಳು ಸುತ್ತುವಂತೆ ನಡುವಿನ ಹಲ್ಲುಚಕ್ರದ ಸುತ್ತ ಸಣ್ಣ ಹಲ್ಲುಚಕ್ರಗಳು ಸುತ್ತುತ್ತವೆ, ಇವುಗಳನ್ನು ಹೊರಗಿನ ಬಳೆಯೊಂದು ಆವರಿಸಿರುತ್ತದೆ. ಎಂಜಿನ್ನಿನ ಬಲ ಇಲ್ಲಿ ಎರಡು ಪಾಲಾಗಿ, ಒಂದು ಚಕ್ರಗಳಿಗೂ ಒಂದು ಡೈನಮೋವಿಗೂ ಹೋಗುತ್ತದೆ. ಯಾರಿಗೆ ಎಷ್ಟು ಪಾಲು ಎಂಬುದನ್ನು ಗಾಡಿಯ ಕಂಪ್ಯೂಟರು ಕ್ಷಣಕ್ಷಣಕ್ಕೂ ನಿರ್ಧರಿಸುತ್ತದೆ.

ನಮ್ಮ ದೇಶಕ್ಕೆ 2008ರಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್, 2010ರಲ್ಲಿ ಪ್ರಿಯಸ್ ಪರದೇಶದಿಂದ ಬಂದವು. ಸುಂಕ ಸೇರಿ ಬೆಲೆ ವಿಪರೀತವಾಗಿದ್ದುದರಿಂದ ಅವು ಸಿರಿವಂತರ ಪಾಲಾದುವು. ಇಲ್ಲಿಯೇ ಜೋಡಿಸುವ ಕೆಲಸ ನಮ್ಮ ಕರ್ನಾಟಕದಲ್ಲಿ ನಡೆಯಿತೆಂಬುದು ಸಂತೋಷದ ಸಂಗತಿ. ಬೆಂಗಳೂರು-ಮೈಸೂರು ರಸ್ತೆಯ ಬಿಡದಿಯಲ್ಲಿರುವ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್ ಜೋಡಣೆಯಾಯಿತು. 2022ರಲ್ಲಿ ಅದೇ ಕಾರ್ಖಾನೆಯಲ್ಲಿ ಹೈರೈಡರ್ ಮತ್ತು ಮಾರುತಿಯ ಗ್ರ್ಯಾಂಡ್ ವಿಟಾರಾ ಕಾರುಗಳೂ, ಅದೇ ವರ್ಷದ ಕೊನೆಗೆ ಇನ್ನೋವಾ ಹೈಕ್ರಾಸ್ ಗಾಡಿಯೂ ಬಂದವು. ಈ ಕಿರ್ಲೋಸ್ಕರ್ ಹೆಸರಿನ ಮೂಲ ಪುರುಷರಾದ ಲಕ್ಷ್ಮಣರಾಯರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಮುಂಬಯಿಯ ವಿ.ಜೆ.ಟಿ.ಐ. ತಾಂತ್ರಿಕ ಶಾಲೆಯಲ್ಲಿ ಕಲಿಸಿದವರು, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು ಮೇಲೆ ಬಂದವರು.

ಗ್ರ್ಯಾಂಡ್ ವಿಟಾರಾ ನಮ್ಮ ವಿಷಯಕ್ಕೆ ಒಳ್ಳೆಯ ಉದಾಹರಣೆ. 2022ರಲ್ಲಿ ಅದು ಹೊರಬಂದಾಗ ಒಂದೇ ಹೆಸರಿನ ಕಾರಿನಲ್ಲಿ ಸೌಮ್ಯ ಹೈಬ್ರಿಡ್ಡೂ ಇತ್ತು, ಸ್ಟ್ರಾಂಗ್ ಹೈಬ್ರಿಡ್ಡೂ ಇತ್ತು. ಹೊರಗಿನ ರೂಪ ಬಹುಮಟ್ಟಿಗೆ ಒಂದೇ, ಒಳಗಿನ ಯಂತ್ರ ಬೇರೆ, ಬೆಲೆಯೂ ಬೇರೆ. ಅಂಗಡಿಯಲ್ಲಿ ನಿಂತವನು ಕೇಳಿ ತಿಳಿಯದಿದ್ದರೆ ಮೋಸಹೋಗುವುದು ಸುಲಭ.

ಮೂರನೆಯ ಬಗೆ: ಸೀರೀಸ್ ಹೈಬ್ರಿಡ್

ಇದನ್ನು ಸಾಲು ಹೈಬ್ರಿಡ್ ಎನ್ನೋಣ. ಇಲ್ಲಿ ಎಂಜಿನ್ನಿಗೂ ಚಕ್ರಕ್ಕೂ ನೇರ ಸಂಬಂಧವೇ ಇಲ್ಲ. ಎಂಜಿನ್ ಡೈನಮೋವನ್ನು ತಿರುಗಿಸುತ್ತದೆ, ಡೈನಮೋ ಹುಟ್ಟಿಸಿದ ವಿದ್ಯುತ್ತು ಮೋಟಾರಿಗೆ, ಮೋಟಾರಿನಿಂದ ಚಕ್ರಕ್ಕೆ, ಹೀಗೆ ಒಂದರ ಹಿಂದೆ ಒಂದು ಸಾಲಾಗಿ ಕೆಲಸ ನಡೆಯುತ್ತದೆ. ಊರಿಗೆ ಹೋಗುವಾಗ ಕೊಂಕಣ ರೈಲ್ವೆಯಲ್ಲಿ ನಮ್ಮನ್ನು ಉಡುಪಿ, ಮಂಗಳೂರುಗಳಿಗೆ ವರ್ಷಗಟ್ಟಲೆ ಎಳೆದೊಯ್ದ ಡೀಸೆಲ್ ಎಂಜಿನ್ನು ಹೀಗೆಯೇ ಕೆಲಸ ಮಾಡುತ್ತಿತ್ತು. ಡೀಸೆಲ್ಲು ಚಕ್ರವನ್ನು ತಿರುಗಿಸುತ್ತಿರಲಿಲ್ಲ, ವಿದ್ಯುತ್ತನ್ನು ಹುಟ್ಟಿಸುತ್ತಿತ್ತು. ಚಕ್ರ ತಿರುಗಿಸುವುದು ಮೋಟಾರಿನ ಕೆಲಸ. ಅದಕ್ಕೆ ದೊಡ್ಡ ಬ್ಯಾಟರಿಯೊಂದನ್ನು ಸೇರಿಸಿದರೆ ಸಾಲು ಹೈಬ್ರಿಡ್ ಆಗುತ್ತದೆ.

ಇದು ಹೊಸ ಯುಕ್ತಿಯೂ ಅಲ್ಲ. ಫರ್ಡಿನಂಡ್ ಪೋರ್ಷೆ ಎಂಬ ಎಂಜಿನಿಯರು 1900ರಲ್ಲಿ ವಿಯೆನ್ನಾದ ಲೋನರ್ ಕಂಪೆನಿಗಾಗಿ ಇಂಥ ಗಾಡಿ ಮಾಡಿ ಓಡಿಸಿದ್ದ. ನಮ್ಮ ಸಮೀಪದಲ್ಲಿ, 2018ರಲ್ಲಿ ಎಂ.ಎಂ.ಆರ್.ಡಿ.ಎ. ಸಂಸ್ಥೆ ಬಾಂದ್ರಾ-ಕುರ್ಲಾ ಸಂಕೀರ್ಣದ ಸಂಚಾರಕ್ಕೆ ಟಾಟಾ ಕಂಪೆನಿಯಿಂದ ತರಿಸಿದ 25 ಹೈಬ್ರಿಡ್ ಬಸ್ಸುಗಳು ಇದೇ ಬಗೆಯವು. ಹೋಂಡಾ ಕಂಪೆನಿ 2022ರಲ್ಲಿ ತಂದ ಸಿಟಿ ಹೈಬ್ರಿಡ್ ಕಾರು ಊರಲ್ಲಿ ಬಹುಪಾಲು ಸಾಲು ಕ್ರಮದಲ್ಲಿಯೂ, ಹೆದ್ದಾರಿಯಲ್ಲಿ ಎಂಜಿನ್ನನ್ನು ಚಕ್ರಕ್ಕೆ ನೇರವಾಗಿ ಜೋಡಿಸಿಯೂ ಓಡುತ್ತದೆ. ಅಂಗಡಿಯಲ್ಲಿ ಅದನ್ನೂ ಸ್ಟ್ರಾಂಗ್ ಹೈಬ್ರಿಡ್ ಎಂದೇ ಕರೆಯುತ್ತಾರೆ. ಬರೇ ವಿದ್ಯುತ್ತಿನಲ್ಲಿ ಓಡಬಲ್ಲ ಶಕ್ತಿ ಅದಕ್ಕಿರುವುದರಿಂದ ಹಾಗೆ ಕರೆಯುವುದು ತಪ್ಪಲ್ಲ.

ನಾಲ್ಕನೆಯ ಬಗೆ: ಪ್ಲಗ್-ಇನ್ ಹೈಬ್ರಿಡ್

ಇದರ ಬ್ಯಾಟರಿ ಇನ್ನೂ ದೊಡ್ಡದು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ರಾತ್ರಿಯೆಲ್ಲ ವಿದ್ಯುತ್ತು ತುಂಬಬಹುದು. ಕೆಲವು ಹತ್ತು ಕಿಲೋಮೀಟರು ದೂರ ವಿದ್ಯುತ್ತಿನಲ್ಲೇ ಓಡಿ, ಅದು ಮುಗಿದ ಮೇಲೆ ಸ್ಟ್ರಾಂಗ್ ಹೈಬ್ರಿಡ್ಡಿನಂತೆ ಪೆಟ್ರೋಲಿನಲ್ಲಿ ಮುಂದುವರಿಯುತ್ತದೆ. ಚೀನದಲ್ಲಿ 2008ರಲ್ಲಿಯೂ ಅಮೆರಿಕೆಯಲ್ಲಿ 2010ರಲ್ಲಿಯೂ ಇವು ಮಾರಾಟಕ್ಕೆ ಬಂದವು. ನಮ್ಮ ದೇಶಕ್ಕೆ ಬಂದವು ಬಹುಮಟ್ಟಿಗೆ ಬಹಳ ಬೆಲೆಯ ಗಾಡಿಗಳು.

ರಾತ್ರಿ ತುಂಬಲು ಸ್ವಂತ ನಿಲುಗಡೆಯ ಜಾಗವೂ ಅಲ್ಲಿ ಪ್ಲಗ್ಗೂ ಬೇಕು. ಚಾಳಿನಲ್ಲಿಯೋ ಬಾಡಿಗೆ ಖೋಲಿಯಲ್ಲಿಯೋ ಇದ್ದು, ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸುವವರಿಗೆ ಇದರಿಂದ ಪ್ರಯೋಜನವಿಲ್ಲ. ವಿದ್ಯುತ್ತು ತುಂಬದೆ ಓಡಿಸಿದರೆ ದೊಡ್ಡ ಬ್ಯಾಟರಿಯ ಭಾರವನ್ನು ಬರಿದೇ ಹೊತ್ತು ತಿರುಗಿದಂತಾಗುತ್ತದೆ. ಆದರೆ ಸಾಹುಕಾರರ ಗಾಡಿ ನಡೆಸುವ ಮಿತ್ರರು ಇದರ ವಿಚಾರ ತಿಳಿದಿರುವುದು ಲೇಸು. ರಾತ್ರಿ ಪ್ಲಗ್ಗು ಸಿಕ್ಕಿಸುವ ಹೊಣೆ ಬಹುಶಃ ಅವರದೇ.

ಲೆಕ್ಕ ಏನು ಹೇಳುತ್ತದೆ?

ಈಗ ಗುಮಾಸ್ತರ ಕೆಲಸಕ್ಕೆ ಬರೋಣ. ಗ್ರ್ಯಾಂಡ್ ವಿಟಾರಾ ಕಾರಿಗೆ ಕಂಪೆನಿ 2022ರಲ್ಲಿ ಹೇಳಿದ ಅಧಿಕೃತ ಅಂಕೆಗಳು ಇವು: ಕೈಯಿಂದ ಗಿಯರು ಹಾಕುವ ಸೌಮ್ಯ ಹೈಬ್ರಿಡ್ ಲೀಟರಿಗೆ 21.11 ಕಿಲೋಮೀಟರು; ಸ್ಟ್ರಾಂಗ್ ಹೈಬ್ರಿಡ್ 27.97 ಕಿಲೋಮೀಟರು. ನೂರು ಕಿಲೋಮೀಟರಿಗೆ ಮೊದಲನೆಯದು 4.74 ಲೀಟರು ಕುಡಿದರೆ ಎರಡನೆಯದು 3.58 ಲೀಟರು ಕುಡಿಯುತ್ತದೆ. ಉಳಿತಾಯ 1.16 ಲೀಟರು. ಲೆಕ್ಕದ ಸೌಕರ್ಯಕ್ಕಾಗಿ ಪೆಟ್ರೋಲು ಲೀಟರಿಗೆ 100 ರೂಪಾಯಿ, ಎರಡು ಗಾಡಿಗಳ ಬೆಲೆಯ ಅಂತರ 3 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ.

ದಿನಕ್ಕೆ 20 ಕಿಲೋಮೀಟರಿನಂತೆ ವರ್ಷಕ್ಕೆ 300 ದಿನ ಓಡಿಸುವ ಗುಮಾಸ್ತನಿಗೆ 6,000 ಕಿಲೋಮೀಟರಿಗೆ ಉಳಿಯುವುದು 6,960 ರೂಪಾಯಿ. 3 ಲಕ್ಷ ಮರಳಿ ಬರಲು 43 ವರ್ಷ ಬೇಕು. ಅಷ್ಟು ಕಾಲ ಕಾರೂ ಬಾಳುವುದಿಲ್ಲ.

ದಿನಕ್ಕೆ 100 ಕಿಲೋಮೀಟರು ಓಡಿಸುವ ಬಾಡಿಗೆಯ ಗಾಡಿಯವನಿಗೆ ವರ್ಷಕ್ಕೆ 30,000 ಕಿಲೋಮೀಟರು, ಉಳಿತಾಯ 34,800 ರೂಪಾಯಿ. ಸುಮಾರು ಎಂಟೂವರೆ ವರ್ಷ ಬೇಕು.

ಆದರೆ ಮೇಲಿನ ಅಂಕೆಗಳು ಪರೀಕ್ಷಾಲಯದವು. ನಮ್ಮ ದಟ್ಟಣೆಯಲ್ಲಿ ಎರಡೂ ಇಳಿಯುತ್ತವೆ, ಎಂಜಿನ್ನಿನ ಮೇಲೆಯೇ ನಿಂತ ಗಾಡಿ ಹೆಚ್ಚು ಇಳಿಯುತ್ತದೆ. ಉದಾಹರಣೆಗೆ ಒಂದು 12ಕ್ಕೆ, ಇನ್ನೊಂದು 20ಕ್ಕೆ ಇಳಿಯಿತೆನ್ನೋಣ. ಆಗ ನೂರು ಕಿಲೋಮೀಟರಿಗೆ ಉಳಿಯುವುದು 3.33 ಲೀಟರು, ವರ್ಷಕ್ಕೆ ಹತ್ತಿರ ಹತ್ತಿರ ಒಂದು ಲಕ್ಷ ರೂಪಾಯಿ. ಮೂರು ವರ್ಷಗಳಲ್ಲಿ ಅಂತರ ತೀರುತ್ತದೆ. ಆದುದರಿಂದ ಕೊಳ್ಳುವ ಮುಂಚೆ ಪ್ರತಿಯೊಬ್ಬರೂ ತಮ್ಮ ಓಟ, ತಮ್ಮ ದಾರಿ, ಆ ದಿನದ ಬೆಲೆ ಹಾಕಿ ಈ ಲೆಕ್ಕವನ್ನು ತಾವೇ ಮಾಡತಕ್ಕದ್ದು. ಸಾಲದ ಬಡ್ಡಿಯನ್ನು ಸೇರಿಸಲು ಮರೆಯಬಾರದು. ಸಿ.ಎನ್.ಜಿ. ಗಾಡಿಯ ಖರ್ಚನ್ನೂ ಪಕ್ಕದಲ್ಲಿ ಬರೆದು ನೋಡಬೇಕು.

ತೆರಿಗೆಯ ಮಾತೂ ಇದೆ. 22 ಸೆಪ್ಟೆಂಬರ್ 2025ರಿಂದ ಜಾರಿಗೆ ಬಂದ ಜಿ.ಎಸ್.ಟಿ. ದರದಂತೆ ನಾಲ್ಕು ಮೀಟರಿಗಿಂತ ಉದ್ದದ ಹೈಬ್ರಿಡ್ ಕಾರಿಗೆ ನೂರಕ್ಕೆ 40. ಅದಕ್ಕೆ ಮೊದಲು ಸೆಸ್ ಸೇರಿ 43 ಇತ್ತು. ನಾಲ್ಕು ಮೀಟರಿನ ಒಳಗಿದ್ದು, 1,200 ಸಿ.ಸಿ. ಮೀರದ ಪೆಟ್ರೋಲ್ ಹೈಬ್ರಿಡ್ಡಿಗೆ 18. ಪೂರ್ಣ ವಿದ್ಯುತ್ ಕಾರಿಗೆ 2019ರ ಆಗಸ್ಟಿನಿಂದ 5.

ಬ್ಯಾಟರಿಯ ಭರವಸೆಯನ್ನು ಓದಿಯೇ ಸಹಿ ಹಾಕಬೇಕು. ಟೊಯೋಟಾ ಕಂಪೆನಿ ಹೈರೈಡರಿನ ಹೈಬ್ರಿಡ್ ಬ್ಯಾಟರಿಗೆ ಹೇಳಿದ್ದು 8 ವರ್ಷ ಅಥವಾ 1,60,000 ಕಿಲೋಮೀಟರು, ಯಾವುದು ಮೊದಲೋ ಅದು. ವರ್ಷಕ್ಕೆ 30,000 ಓಡಿಸುವವನಿಗೆ ಈ ಅವಧಿ 5 ವರ್ಷ 4 ತಿಂಗಳಿಗೇ ಮುಗಿಯುತ್ತದೆ. ಬಾಡಿಗೆಯ ಗಾಡಿಗೂ ಅದೇ ಭರವಸೆ ಇದೆಯೇ ಎಂಬುದನ್ನು ಬರಹದಲ್ಲಿ ಪಡೆಯಬೇಕು.

ನಡೆಸುವವರು, ದುರಸ್ತಿಯವರು ಗಮನಿಸಬೇಕಾದ್ದು

ಸ್ಟ್ರಾಂಗ್ ಹೈಬ್ರಿಡ್ಡಿನಲ್ಲಿ ಕಿತ್ತಳೆ ಬಣ್ಣದ ದಪ್ಪ ತಂತಿಗಳಿವೆ. ಅವುಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತಿದೆ. ತರಬೇತಿ ಇಲ್ಲದವರು ಅವನ್ನು ಮುಟ್ಟಕೂಡದು, ಮಾಲಿಕನು ಹೇಳಿದರೂ ಮುಟ್ಟಕೂಡದು. ಬಾನೆಟ್ ತೆರೆಯುವ ಮುಂಚೆ ಗಾಡಿಯನ್ನು ಪೂರ್ತಿ ಆರಿಸಿ, ಕೀಲಿಯನ್ನು ದೂರವಿಡಬೇಕು. ಏಕೆಂದರೆ ಸದ್ದಿಲ್ಲದೆ ನಿಂತ ಗಾಡಿ ಆರಿದೆಯೆಂದು ತಿಳಿಯುವಂತಿಲ್ಲ. ‘ರೆಡಿ’ ದೀಪ ಉರಿಯುತ್ತಿದ್ದರೆ ಎಂಜಿನ್ ಯಾವ ಕ್ಷಣದಲ್ಲಾದರೂ ತಾನಾಗಿ ಶುರುವಾದೀತು, ಕೈಬೆರಳು ಸಿಕ್ಕೀತು. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಗಾಡಿಯನ್ನು ಹಾಗೆಯೇ ಬಿಟ್ಟು ಒಳಗೆ ಮಲಗಿದರೆ ವಿಷದ ಹೊಗೆಯ ಅಪಾಯವೂ ಉಂಟು.

ಮಳೆಗಾಲದಲ್ಲಿ ಕಿಂಗ್ಸ್ ಸರ್ಕಲ್, ಹಿಂದ್‌ಮಾತಾಗಳಲ್ಲಿ ನೀರು ನಿಲ್ಲುವುದು ನಮಗೆಲ್ಲ ಗೊತ್ತು. ನೀರಿನಲ್ಲಿ ಮುಳುಗಿದ ಹೈಬ್ರಿಡ್ ಗಾಡಿಯನ್ನು ಮತ್ತೆ ಶುರುಮಾಡಲು ಯತ್ನಿಸದೆ, ಇಳಿದು, ಕಂಪೆನಿಯ ದುರಸ್ತಿಯವರನ್ನು ಕರೆಯತಕ್ಕದ್ದು. ಊರ ಬೀದಿಗಳಲ್ಲಿ ಇನ್ನೂ ಒಂದು ಎಚ್ಚರ ಬೇಕು: ಗಾಡಿ ವಿದ್ಯುತ್ತಿನಲ್ಲಿ ತೆವಳುವಾಗ ಸದ್ದು ಬಹಳ ಕಡಿಮೆ; ಮಕ್ಕಳಿಗೂ ಮುದುಕರಿಗೂ ಅದು ಬಂದದ್ದು ತಿಳಿಯದು.

ಕೇಳಬೇಕಾದ ಮೂರು ಪ್ರಶ್ನೆ

ಇಷ್ಟೆಲ್ಲ ನೆನಪಿಡುವುದು ಕಷ್ಟವಾದರೆ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಬಹುದು. ಒಂದು, ಎಂಜಿನ್ ಆರಿಸಿಟ್ಟು ಬರೇ ವಿದ್ಯುತ್ತಿನಲ್ಲಿ ಈ ಗಾಡಿ ಓಡುತ್ತದೆಯೇ? ಇಲ್ಲವೆಂದರೆ ಅದು ಸೌಮ್ಯ. ಎರಡು, ಹೊರಗಿನಿಂದ ವಿದ್ಯುತ್ತು ತುಂಬಬಹುದೇ? ಹೌದೆಂದರೆ ಅದು ಪ್ಲಗ್-ಇನ್. ಮೂರು, ಬ್ಯಾಟರಿಯ ಭರವಸೆ ಎಷ್ಟು ವರ್ಷ, ಎಷ್ಟು ಕಿಲೋಮೀಟರು, ಬಾಡಿಗೆಯ ಗಾಡಿಗೂ ಉಂಟೇ? ಬಾಯಿಮಾತು ಸಾಲದು. ಗಾಡಿಯನ್ನು ಓಡಿಸಿ ತೋರಿಸೆಂದು ಕೇಳುವ ಹಕ್ಕು ಕೊಳ್ಳುವವನಿಗೆ ಇದೆ. ಕಂತು ಕಟ್ಟುವವರು ನಾವು, ಕೇಳಲು ಸಂಕೋಚವೇಕೆ?

ಕಂಪೆನಿಯ ಕಾಗದಗಳನ್ನು ಇಂಗ್ಲಿಷಿನಲ್ಲಿ ಓದಲು ತೊಂದರೆಯಾಗುವ ಮಿತ್ರರು ಸಹಿ ಹಾಕುವ ಮುನ್ನ, ಹಾಕಿದ ಮೇಲಲ್ಲ, ಅವನ್ನು ಸಂಜೆ ವಾಚನಾಲಯಕ್ಕೆ ತರಲಿ. ಕೂಡಿ ಓದೋಣ.